ಪಾಪರ್ ಆಗೋಕೂ ಒಂದು ಕಾನೂನು

‘ಪಾಪರ್ ಆದ’, ‘ದಿವಾಳಿ ಎದ್ದ’ ಅಂತ ನಾವು ನಗಾಡ್ಕೊಂಡು ಹೇಳ್ತೀವಲ್ಲ? ಬಿ.ಕಾಂ.ನಲ್ಲಿ ನಾನು ದಿವಾಳಿ ಅಂತ ಓದಿದ್ದೆಲ್ಲ ಕಂಪನಿಗಳದ್ದು. ಮನುಷ್ಯರ ದಿವಾಳಿಗೆ ಬೇರೆಯೇ ಕಾನೂನಿದೆ. ಅದಕ್ಕೆ ನೂರು ವರ್ಷ ದಾಟಿದೆ.

ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ನಗರಗಳಿಗೆ 1909ರ ಕಾಯ್ದೆ, ಪ್ರಾಂತ್ಯಗಳಿಗೆ 1920ರದ್ದು. 1920ರ ಕಾಯ್ದೆಯ ಪ್ರಕಾರ 500 ರೂಪಾಯಿ ಸಾಲ ತೀರಿಸಲಾಗದವನು ಕೋರ್ಟಿಗೆ ಅರ್ಜಿ ಹಾಕಬಹುದಿತ್ತು. ಸಾಲದ ಡಿಕ್ರಿಗಾಗಿ ಜೈಲು ಸೇರಿದವನೂ ಹಾಕಬಹುದಿತ್ತು. ಕೋರ್ಟ್ ದಿವಾಳಿ ಅಂತ ಘೋಷಿಸಿದರೆ ಆಸ್ತಿ ಕೋರ್ಟಿನ ಅಥವಾ ರಿಸೀವರ್ ಕೈಗೆ ಹೋಗುತ್ತೆ, ಮಾರಿ ಬಂದ ದುಡ್ಡನ್ನು ಸಾಲಗಾರರಿಗೆ ಹಂಚ್ತಾರೆ. ಬದಲಿಗೆ ಬಂಧನದಿಂದ ರಕ್ಷಣೆ ಕೇಳಬಹುದು. ಅಂದ್ರೆ ಮರ್ಯಾದೆ ಹೋದ್ರೂ ಮೈ ಉಳಿಯುತ್ತೆ!

2016ರಲ್ಲಿ ಹೊಸ ದಿವಾಳಿ ಸಂಹಿತೆ, ಐಬಿಸಿ ಬಂತು. ಅದರಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ. ಆದರೆ 2019ರ ಡಿಸೆಂಬರ್ 1ರಿಂದ ಸರ್ಕಾರ ಆ ಭಾಗ ಜಾರಿಗೆ ತಂದಿದ್ದು ಒಂದೇ ಗುಂಪಿಗೆ: ಕಂಪನಿ ಸಾಲಕ್ಕೆ ಶ್ಯೂರಿಟಿ ಹಾಕಿದವರಿಗೆ.

ಮೊದಲ ದೊಡ್ಡ ಹೆಸರುಗಳಲ್ಲಿ ಒಂದು ಅನಿಲ್ ಅಂಬಾನಿ. ಅವರ ಕಂಪನಿಗಳಿಗೆ ಎಸ್‌ಬಿಐ ಕೊಟ್ಟ ಸುಮಾರು 1,200 ಕೋಟಿ ಸಾಲಕ್ಕೆ ಅವರದ್ದೇ ಜಾಮೀನು. 2020ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಪ್ರಕ್ರಿಯೆ ಶುರು ಮಾಡಿತು. ಆಗಸ್ಟ್ 27ಕ್ಕೆ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಕಾನೂನನ್ನು ತುಂಡು ಮಾಡಿ ಒಂದೇ ಗುಂಪಿಗೆ ಹಾಕಬಹುದಾ ಅನ್ನೋದು ಆಗ ಹೈಕೋರ್ಟ್‌ಗಳ ಮುಂದಿದ್ದ ಪ್ರಶ್ನೆ. ಇಂಥ ಕೇಸುಗಳನ್ನು ಸುಪ್ರೀಂ ಕೋರ್ಟ್ ತನ್ನ ಹತ್ತಿರ ತರಿಸಿಕೊಂಡಿತು. 2021ರ ಮೇ 21ರಂದು, ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ, ‘ಹಾಕಬಹುದು’ ಅಂದಿತು. ಕಂಪನಿಯ ಸಾಲ ಇತ್ಯರ್ಥವಾದ ಮಾತ್ರಕ್ಕೆ ಶ್ಯೂರಿಟಿ ಹಾಕಿದವನು ಪಾರಾಗಲ್ಲ ಅಂತಲೂ ಹೇಳಿತು.

ಆ ತೀರ್ಪು ನನಗೆ ಒಪ್ಪಿಗೆ. ಆದರೆ ಉಳಿದವರ ಕಥೆ?

ಅದೇ ಸಂಹಿತೆಯಲ್ಲಿ ಬಡ ಸಾಲಗಾರರಿಗೆ ‘ಹೊಸ ಆರಂಭ’ ಅನ್ನೋ ಅಧ್ಯಾಯ ಇದೆ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅಂಥವರ ಸಾಲ ಮನ್ನಾ ಆಗಬಹುದು. (ಈಗ ಒಂದು ಫೋನಿನ ಇಎಂಐ ಸಾಲವೇ 35,000 ದಾಟುತ್ತೆ, ಅದು ಬಿಡಿ.) ನಾನು ಇದನ್ನು ರೆಕಾರ್ಡ್ ಮಾಡೋ ಹೊತ್ತಿಗೂ ಆ ಅಧ್ಯಾಯ ಜಾರಿಯಾಗಿಲ್ಲ. ಲೋನ್ ಆ್ಯಪ್‌ಗಳಲ್ಲಿ ಸಿಕ್ಕಿಹಾಕಿಕೊಂಡಿರೋ ಹುಡುಗ ಇವತ್ತು ದಿವಾಳಿ ಅರ್ಜಿ ಹಾಕಬೇಕಂದ್ರೆ, ಆ ಹಳೇ ಕಾಯ್ದೆ ಹಿಡ್ಕೊಂಡೇ ಕೋರ್ಟಿನ ಮೆಟ್ಟಿಲು ಹತ್ತಬೇಕು.