ಉತ್ತರ ಬಾರದ ಪತ್ರ

ಜೀವವಿಕಾಸವೆಂದರೆ ನಮಗೆ ಒಡನೆಯೇ ನೆನಪಾಗುವುದು ಕೋಟ್ಯಂತರ ವರ್ಷಗಳ ಲೆಕ್ಕ. ಕಲ್ಲಿನಲ್ಲಿ ಹುದುಗಿದ ಮೂಳೆ, ಅಳಿದುಹೋದ ದೈತ್ಯಪ್ರಾಣಿ. ಅದು ಎಂದೋ ನಡೆದುಹೋದ ಕಥೆಯೇ ಹೊರತು ನಮ್ಮ ಕಣ್ಣೆದುರು ನಡೆಯುವಂಥದಲ್ಲ ಎಂದು ನಾನೂ ಬಹುಕಾಲ ತಿಳಿದಿದ್ದೆ. ಸ್ವತಃ ಚಾರ್ಲ್ಸ್ ಡಾರ್ವಿನ್ನರೇ ಹಾಗೆ ಭಾವಿಸಿದ್ದರು. ನಿಸರ್ಗದ ಆಯ್ಕೆ ಎಡೆಬಿಡದೆ ನಡೆದೇ ಇರುತ್ತದೆ. ಆದರೆ ಅದರ ನಡಿಗೆ ತೀರ ನಿಧಾನವಾದದ್ದು, ಯುಗಗಳು ಉರುಳಿದ ಮೇಲಲ್ಲದೆ ಅದು ಮನುಷ್ಯನಿಗೆ ಕಾಣದು ಎಂಬುದು 1859ರ ತಮ್ಮ ಮಹಾಗ್ರಂಥದಲ್ಲಿ ಅವರು ತಳೆದ ನಿಲುವು. ಈ ನಿಲುವು ಹೇಗೆ ಬದಲಾಯಿತೆಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದು ಒಂದು ಪತ್ರದಿಂದ ಆರಂಭವಾಗುತ್ತದೆ.

1878ರ ನವೆಂಬರ್ 18ರಂದು ಆಲ್ಬರ್ಟ್ ಫಾರ್ನ್ ಎಂಬ ಇಂಗ್ಲಿಷ್ ಕೀಟಸಂಗ್ರಾಹಕರು ಡಾರ್ವಿನ್ನರಿಗೆ ಬರೆದರು. ಅವರು ಗಮನಿಸಿದ್ದು ಒಂದೇ ಜಾತಿಯ ಒಂದು ಪುಟ್ಟ ಪತಂಗವನ್ನು. ಕಪ್ಪು ಮಣ್ಣಿನ ನೆಲದಲ್ಲಿ ಅದು ಕಪ್ಪಾಗಿತ್ತು, ಸುಣ್ಣಕಲ್ಲಿನ ಮೇಲೆ ಬೂದುಬಣ್ಣದ್ದಾಗಿತ್ತು, ಸೀಮೆಸುಣ್ಣದ ಗುಡ್ಡಗಳಲ್ಲಿ ಬೆಳ್ಳಗಿತ್ತು. ಆದರೆ ಒಂದು ಸೀಮೆಸುಣ್ಣದ ಇಳಿಜಾರಿನಲ್ಲಿ ಮಾತ್ರ ಅವರಿಗೆ ಕಪ್ಪು ಪತಂಗಗಳು ಸಿಕ್ಕವು. ಆ ಇಳಿಜಾರಿನ ಬುಡದಲ್ಲಿ ಸುಣ್ಣದ ಗೂಡುಗಳಿದ್ದವು. ಕಾಲು ಶತಮಾನದಿಂದ ಅವುಗಳ ಹೊಗೆ ಹಾಯ್ದು ಹುಲ್ಲೆಲ್ಲ ಮಸಿಹಿಡಿದಿತ್ತು. ಇದು ತಾವು ಹೇಳುವ ಆಯ್ಕೆಯ ಕೆಲಸವೇ ಇರಬಹುದಲ್ಲವೆ ಎಂದು ಫಾರ್ನ್ ಕೇಳಿದರು. ಡಾರ್ವಿನ್ನರು ಈ ಪತ್ರಕ್ಕೆ ಬರೆದ ಉತ್ತರವೊಂದೂ ಇದುವರೆಗೆ ಸಿಕ್ಕಿಲ್ಲ. ಜೀವಮಾನವಿಡೀ ತಾವು ಹುಡುಕಿದ ಪ್ರತ್ಯಕ್ಷ ಸಾಕ್ಷ್ಯ ಅಂಚೆಯಲ್ಲಿ ಮನೆಬಾಗಿಲಿಗೆ ಬಂದಿದ್ದರೂ ಆ ವೃದ್ಧ ವಿಜ್ಞಾನಿ ಅದನ್ನು ಗುರುತಿಸಲಿಲ್ಲವೆಂದು ತೋರುತ್ತದೆ.

ಅದೇ ಕಾಲದಲ್ಲಿ ಇನ್ನೊಂದು ಪತಂಗ ಇದೇ ಪಾಠವನ್ನು ಇನ್ನೂ ದೊಡ್ಡದಾಗಿ ಬರೆಯುತ್ತಿತ್ತು. ಬಿಳಿಯ ರೆಕ್ಕೆಗಳ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿರುವ ಈ ಪತಂಗ, ಕಲ್ಲುಹೂವು ಬೆಳೆದ ಮರದ ತೊಗಟೆಯ ಮೇಲೆ ಕುಳಿತರೆ ಹಕ್ಕಿಯ ಕಣ್ಣಿಗೂ ಸುಲಭವಾಗಿ ಬೀಳದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದರ ಕಪ್ಪು ಬಗೆಯೊಂದು ಸಿಕ್ಕಿತು. ಆಗ ಅದೊಂದು ಅಪೂರ್ವ ವಸ್ತು. ಕಾರ್ಖಾನೆಗಳ ಹೊಗೆಯಿಂದ ಕಲ್ಲುಹೂವು ಸತ್ತು, ಮರಗಳು ಮಸಿ ಬಳಿದುಕೊಂಡು ನಿಂತವು. 1895ರ ಹೊತ್ತಿಗೆ ಅದೇ ಊರಿನ ಸುತ್ತ ನೂರರಲ್ಲಿ ಸುಮಾರು 98 ಪತಂಗಗಳು ಕಪ್ಪಾಗಿದ್ದವು. ಒಂದೊಂದು ಪತಂಗ ಬಣ್ಣ ಬದಲಿಸಿಕೊಂಡಿತೆಂದು ಇದರ ಅರ್ಥವಲ್ಲ. ಬಿಳಿಯದು ಹಕ್ಕಿಗೆ ಕಂಡು ಆಹಾರವಾಯಿತು, ಕಪ್ಪಿನದು ಉಳಿದು ಮೊಟ್ಟೆಯಿಟ್ಟಿತು, ಇಷ್ಟೇ.

1924ರಲ್ಲಿ ಜೆ.ಬಿ.ಎಸ್. ಹಾಲ್ಡೇನರು ಇದನ್ನು ಗಣಿತದಲ್ಲಿ ಹಿಡಿದರು. ವರ್ಷಕ್ಕೊಂದೇ ತಲೆಮಾರು ಕಾಣುವ ಈ ಪತಂಗದಲ್ಲಿ ಐವತ್ತು ವರ್ಷದೊಳಗೆ ಇಂಥ ಬದಲಾವಣೆ ಆಗಬೇಕಾದರೆ, ಬಿಳಿಯದರ ಎರಡು ಮರಿ ಉಳಿಯುವಲ್ಲಿ ಕಪ್ಪಿನದರ ಮೂರು ಉಳಿಯಬೇಕೆಂದು ಅವರು ಲೆಕ್ಕ ಹಾಕಿದರು. ಆಯ್ಕೆ ಅಷ್ಟು ಪ್ರಬಲವಾಗಿರಬಲ್ಲದೆಂದು ಆಗ ಯಾರೂ ಎಣಿಸಿರಲಿಲ್ಲ. ಇದೇ ಹಾಲ್ಡೇನರು 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ದುಬಾರಿ ಉಪಕರಣಗಳಿಲ್ಲವೆಂದು ಕೊರಗದೆ ಸುತ್ತಲಿನ ಗಿಡವನ್ನೂ ಹಕ್ಕಿಯನ್ನೂ ನೋಡಿರಿ, ಎಣಿಸಿರಿ ಎಂಬುದು ಇಲ್ಲಿಯ ಯುವಕರಿಗೆ ಅವರು ಕೊಟ್ಟ ಬುದ್ಧಿವಾದ.

ಎಣಿಕೆ ಮುಂದುವರಿಯಿತು. 1956ರಲ್ಲಿ ಬ್ರಿಟನ್ ಹೊಗೆಯನ್ನು ಹತೋಟಿಗೆ ತರುವ ಕಾಯಿದೆ ಮಾಡಿತು. ಸಿರಿಲ್ ಕ್ಲಾರ್ಕ್ ಎಂಬ ವೈದ್ಯರು ಲಿವರ್‌ಪೂಲಿನ ಸಮೀಪದ ತಮ್ಮ ಮನೆಯಲ್ಲಿ 1959ರಿಂದ ಪ್ರತಿ ಬೇಸಿಗೆಯಲ್ಲೂ ದೀಪದ ಬೋನು ಇಟ್ಟು ಪತಂಗಗಳನ್ನು ಎಣಿಸುತ್ತ ಬಂದರು. ಮೊದಲು ನೂರಕ್ಕೆ 90ಕ್ಕೂ ಹೆಚ್ಚಿದ್ದ ಕಪ್ಪು ಪತಂಗ, 1990ರ ದಶಕದ ನಡುವೆ 20ಕ್ಕಿಂತ ಕೆಳಗಿಳಿಯಿತು. ಹಕ್ಕಿಗಳೇ ಇದಕ್ಕೆ ಕಾರಣವೆಂಬುದನ್ನು ಶಂಕಿಸಿದವರೂ ಇದ್ದರು. 1950ರ ದಶಕದ ಪ್ರಯೋಗಗಳಲ್ಲಿ ದೋಷಗಳಿದ್ದುದೂ ನಿಜ. ಆ ಶಂಕೆಗೆ ಉತ್ತರವಾಗಿ ಮೈಕೆಲ್ ಮಜೇರಸ್ ಎಂಬ ವಿಜ್ಞಾನಿ 2001ರಿಂದ ಕೇಂಬ್ರಿಜ್‌ನ ತಮ್ಮ ಹಿತ್ತಲಿನಲ್ಲಿ 4,864 ಪತಂಗಗಳನ್ನು ಬಿಟ್ಟು ಆರು ವರ್ಷ ಕಾದು ನೋಡಿದರು. ಹಕ್ಕಿಗಳು ಎದ್ದುಕಾಣುವ ಪತಂಗಗಳನ್ನೇ ಹೆಚ್ಚಾಗಿ ತಿಂದದ್ದು ರುಜುವಾಯಿತು. 2009ರಲ್ಲಿ ಮಜೇರಸ್ ತೀರಿಕೊಂಡರು. ಅವರ ಲೆಕ್ಕವನ್ನು ಮಿತ್ರರು 2012ರಲ್ಲಿ ಪ್ರಕಟಿಸಿದರು.

ಪತಂಗದ ಕಥೆ ಇಷ್ಟಾದರೆ, ಬೆನ್ನೆಲುಬಿರುವ ಪ್ರಾಣಿಗಳ ಮಾತೇನು? ಇದಕ್ಕಾಗಿ ಇಂಗ್ಲೆಂಡನ್ನು ಬಿಟ್ಟು ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗಬೇಕು. 1971ರಲ್ಲಿ, ಅಂದಿನ ಯುಗೊಸ್ಲಾವಿಯಕ್ಕೆ ಸೇರಿದ್ದ ಪೋಡ್ ಕೊಪಿಷ್ಟೆ ಎಂಬ ಪುಟ್ಟ ದ್ವೀಪದಿಂದ ವಿಜ್ಞಾನಿಗಳು ಐದು ಜೋಡಿ ಹಲ್ಲಿಗಳನ್ನು ಹಿಡಿದು, ಸುಮಾರು ಏಳು ಎಕರೆಯಷ್ಟೇ ಇರುವ ಪಕ್ಕದ ಪೋಡ್ ಮ್ರ್ಚಾರು ದ್ವೀಪದಲ್ಲಿ ಬಿಟ್ಟರು. ಇವು ನಮ್ಮ ಮನೆಯ ಗೋಡೆಯ ಹಲ್ಲಿಯಲ್ಲ. ಬಂಡೆಯ ಮೇಲೆ ಬಿಸಿಲು ಕಾಯಿಸುವ ಬಯಲಿನ ಹಲ್ಲಿಗಳು. ಅನಂತರ ಆ ದೇಶವೇ ಒಡೆದು ಯುದ್ಧ ನಡೆಯಿತು. ವಿಜ್ಞಾನಿಗಳು ಮತ್ತೆ ಅಲ್ಲಿಗೆ ಕಾಲಿಟ್ಟದ್ದು 2004ರಲ್ಲಿ. ಅಷ್ಟರಲ್ಲಿ ಹತ್ತು ಹಲ್ಲಿಗಳ ಸಂತತಿ ದ್ವೀಪವನ್ನೆಲ್ಲ ತುಂಬಿತ್ತು. ಹುಳುಗಳನ್ನು ತಿನ್ನುತ್ತಿದ್ದ ಹಲ್ಲಿಗಳ ವಂಶಜರು ಬೇಸಿಗೆಯಲ್ಲಿ ಆಹಾರದ ಅರ್ಧಕ್ಕೂ ಮಿಕ್ಕಿ ಸೊಪ್ಪುಸದೆ ತಿನ್ನುತ್ತಿದ್ದವು. ತಲೆ ದೊಡ್ಡದಾಗಿ ಕಡಿತದ ಬಲ ಹೆಚ್ಚಿತ್ತು. ತಿಂದ ಸೊಪ್ಪು ನಿಧಾನವಾಗಿ ಸಾಗಿ ಅರಗುವಂತೆ ಕರುಳಿನಲ್ಲಿ ಮಡಿಕೆಗಳು ಮೂಡಿದ್ದವು. ಮೂಲ ದ್ವೀಪದ ಹಲ್ಲಿಗಳಲ್ಲಿ ಅವು ಇರಲಿಲ್ಲ. ಇವುಗಳಲ್ಲಿ ವಂಶದಿಂದ ಬಂದದ್ದೆಷ್ಟು, ಆಹಾರದ ಅಭ್ಯಾಸದಿಂದ ಆದದ್ದೆಷ್ಟು ಎಂಬ ಚರ್ಚೆ ಇದೆ. ಆದರೂ ಇಷ್ಟೆಲ್ಲ ನಡೆದದ್ದು ನಾಲ್ಕು ದಶಕ ತುಂಬುವ ಮುನ್ನ.

ಇದನ್ನು ಕೇಳಿದವರಲ್ಲಿ ಕೆಲವರು, ಹಾಗಾದರೆ ನಾವು ನೆಲವನ್ನೂ ಗಾಳಿಯನ್ನೂ ಎಷ್ಟು ಕೆಡಿಸಿದರೂ ಜೀವಿಗಳು ಹೊಂದಿಕೊಳ್ಳುತ್ತವೆ ಎಂದು ಸಮಾಧಾನಪಟ್ಟುಕೊಳ್ಳಬಹುದು. ಅವರಿಗೆ ಆ ದ್ವೀಪದ ಇನ್ನೊಂದು ಸಂಗತಿಯನ್ನು ಹೇಳಬೇಕು. ಪೋಡ್ ಮ್ರ್ಚಾರುವಿನಲ್ಲಿ ಮೊದಲಿನಿಂದ ಬೇರೊಂದು ಜಾತಿಯ ಹಲ್ಲಿ ವಾಸವಾಗಿತ್ತು. 2004ರಲ್ಲಿ ಹುಡುಕಿದಾಗ ಅದು ಅಲ್ಲಿ ಒಂದೂ ಉಳಿದಿರಲಿಲ್ಲ. ಬಿಳಿಯ ಪತಂಗ ಮರಳಿ ಬಂದದ್ದು ಅದರ ವಂಶ ಎಲ್ಲೋ ಉಳಿದಿತ್ತು, ಗಾಳಿ ತಿಳಿಯಾಯಿತು ಎಂಬ ಎರಡು ಕಾರಣಗಳಿಂದ. ಆಯ್ಕೆಗೆ ಆರಿಸಿಕೊಳ್ಳಲು ಏನಾದರೂ ಉಳಿದಿರಬೇಕು. ಬರಿಗೈಯಿಂದ ಅದು ಏನನ್ನೂ ಸೃಷ್ಟಿಸದು.

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ನಮ್ಮ ಜಗಲಿಯ ದೀಪಕ್ಕೆ ಮುತ್ತುವ ಪತಂಗಗಳನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಮೊದಲಿನಷ್ಟು ಈಗ ಬರುತ್ತಿಲ್ಲವೆಂದು ನನಗೆ ಅನಿಸುವುದುಂಟು. ಆದರೆ ಅದು ಅನಿಸಿಕೆಯಷ್ಟೆ. ಒಂದು ದಿನವಾದರೂ ನಾನು ಎಣಿಸಿ ಬರೆದಿಟ್ಟವನಲ್ಲ. ಫಾರ್ನ್ ಬರೆದಿಟ್ಟಿದ್ದರು, ಆದುದರಿಂದ ಉತ್ತರ ಬಾರದಿದ್ದರೂ ಅವರ ಪತ್ರ ವ್ಯರ್ಥವಾಗಲಿಲ್ಲ. ಈ ವರ್ಷ ನಾನೂ ಒಂದು ನೋಟುಪುಸ್ತಕ ತಂದಿಟ್ಟುಕೊಂಡಿದ್ದೇನೆ. ನಿಮ್ಮ ಮನೆಯ ಜಗಲಿಯಲ್ಲೂ ದೀಪವಿದೆಯಲ್ಲವೆ?