ಮಾತಾಡಲೂ ಒಂದು ಲೈಸೆನ್ಸು: ಹ್ಯಾಮ್ ರೇಡಿಯೊ ನಡೆದು ಬಂದ ದಾರಿ

ನಮ್ಮ ಶಾಲೆಯ ಮೊದಲ ತಂಡಗಳಲ್ಲಿ ಓದಿದ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. ಆ ಕಾಲದಲ್ಲಿ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಪ್ರದೇಶ ಸಮಾಚಾರ ಕೇಳುವುದಕ್ಕೂ ಕೃಷಿರಂಗ ಕೇಳುವುದಕ್ಕೂ ಸರ್ಕಾರದ ಅಪ್ಪಣೆ! 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಕೇಳುವುದಕ್ಕೆ ಈಗ ಲೈಸೆನ್ಸ್ ಇಲ್ಲ. ಆದರೆ ಸ್ವಂತ ಹೆಸರಿನಲ್ಲಿ ರೇಡಿಯೊ ಅಲೆಗಳ ಮೇಲೆ ದೇಶ ವಿದೇಶಗಳ ಜೊತೆ ಮಾತಾಡುವುದಕ್ಕೆ ಇಂದಿಗೂ ಲೈಸೆನ್ಸ್ ಇದೆ, ಅದಕ್ಕೆ ಮುನ್ನ ಪರೀಕ್ಷೆಯೂ ಇದೆ.

ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ಆ ಪರೀಕ್ಷೆ ಪಾಸು ಮಾಡಿ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ, ನಡೆಸುತ್ತಿರುವವನು. ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೇಕೆ? ಬರೀ ಮಾತಾಡುವುದಕ್ಕೆ ಪರೀಕ್ಷೆ ಏಕೆ? ಎರಡಕ್ಕೂ ಉತ್ತರ ಈ ಹವ್ಯಾಸದ ಚರಿತ್ರೆಯಲ್ಲಿದೆ. ನಮ್ಮ ಶಾಲೆಯ ಮಕ್ಕಳು ಓದಲಿ ಎಂಬ ಆಸೆಯಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನಗಳು

ಭಾರತದ ಮೊದಲ ಹ್ಯಾಮ್‌ಗಳಾಗಿ ಕಲ್ಕತ್ತೆಯ ಅಮರೇಂದ್ರಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಅವರ ಹೆಸರು ದಾಖಲಾಗಿದೆ. ಅದು 1920ರ ದಶಕದ ಆರಂಭ. ಆಗ ಆಕಾಶವಾಣಿಯೇ ಇರಲಿಲ್ಲ. ನಮ್ಮ ಮೈಸೂರು ಸೀಮೆಯಲ್ಲೂ ರೇಡಿಯೊ ಶುರುವಾದದ್ದು ಸರ್ಕಾರದಿಂದಲ್ಲ, ಒಬ್ಬ ಮೇಷ್ಟರಿಂದ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದು ಹ್ಯಾಮ್ ಅಲ್ಲ, ಪ್ರಸಾರ ಕೇಂದ್ರ. ಆದರೂ ಆಸಕ್ತಿಯಿರುವ ಒಬ್ಬ ವ್ಯಕ್ತಿ ತನ್ನ ಮನೆಯಿಂದ ಏನು ಮಾಡಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಇಲ್ಲ. ಮೈಸೂರಿನ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಬಂತು.

ಬ್ರಿಟಿಷ್ ಸರ್ಕಾರಕ್ಕೆ ಈ ವಿದ್ಯೆಯ ಬಗ್ಗೆ ಮೊದಲಿನಿಂದಲೂ ಅನುಮಾನ. 1885ರ ಟೆಲಿಗ್ರಾಫ್ ಕಾಯ್ದೆಯ ಜೊತೆಗೆ 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ತಂದು, ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. 1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದ ಕೂಡಲೇ ಹ್ಯಾಮ್‌ಗಳು ತಮ್ಮ ಟ್ರಾನ್ಸ್‌ಮಿಟರ್‌ಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂತು.

ಸರ್ಕಾರ ಹೆದರಿದ್ದು ಸುಮ್ಮನೆ ಅಲ್ಲ ಎಂಬುದು 1942ರಲ್ಲಿ ಗೊತ್ತಾಯಿತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗಾಂಧೀಜಿ ಮತ್ತು ನಾಯಕರೆಲ್ಲ ಜೈಲು ಸೇರಿ, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ, ಬೊಂಬಾಯಿಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಪ್ತವಾಗಿ 'ಕಾಂಗ್ರೆಸ್ ರೇಡಿಯೊ' ನಡೆಸಿದರು. ರೇಡಿಯೊ ವಿದ್ಯೆ ಬಲ್ಲ ನರಿಮನ್ ಪ್ರಿಂಟರ್ ಮುಂತಾದವರು ಯಂತ್ರದ ಕೆಲಸಕ್ಕೆ ಕೈಜೋಡಿಸಿದರು. ಪೊಲೀಸರ ಕಣ್ಣು ತಪ್ಪಿಸಲು ಕೇಂದ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದರು. ನವೆಂಬರ್‌ನಲ್ಲಿ ಸಿಕ್ಕಿಬಿದ್ದರು; ಉಷಾ ಮೆಹ್ತಾ ಜೈಲಿಗೆ ಹೋದರು. ರೇಡಿಯೊ ಅಲೆಗೆ ಎಷ್ಟು ಬಲವಿದೆ ಎಂಬುದನ್ನು ಆಳುವವರೂ ಕಂಡರು, ಜನರೂ ಕಂಡರು.

ಸ್ವತಂತ್ರ ಭಾರತದ ನಿಯಮ

ಸ್ವಾತಂತ್ರ್ಯ ಬಂದ ಮೇಲೆ ಹವ್ಯಾಸಿಗಳು ಮತ್ತೆ ಒಟ್ಟಾದರು. 1948ರಲ್ಲಿ ಮಧ್ಯಪ್ರದೇಶದ ಮ್ಹೌ ದಂಡುಪ್ರದೇಶದ ಸಿಗ್ನಲ್ಸ್ ಶಾಲೆಯಲ್ಲಿ ಹ್ಯಾಮ್‌ಗಳ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದೇ ಮುಂದೆ ಅಮೆಚೂರ್ ರೇಡಿಯೊ ಸೊಸೈಟಿ ಆಫ್ ಇಂಡಿಯಾ ಆಯಿತು. ಹೊರದೇಶದ ಸೆಟ್ಟುಗಳು ಕೈಗೆಟುಕದ ಕಾಲವದು. ಸೈನ್ಯ ಮಾರಿಬಿಟ್ಟ ಹಳೆಯ ಯಂತ್ರಗಳನ್ನು ಗುಜರಿಯಲ್ಲಿ ಹುಡುಕಿ, ವಾಲ್ವು ಬದಲಿಸಿ, ಕಾಯಿಲ್ ಸುತ್ತಿ, ತಾವೇ ಟ್ರಾನ್ಸ್‌ಮಿಟರ್ ಕಟ್ಟಿಕೊಳ್ಳುತ್ತಿದ್ದರು.

ನಮ್ಮ ಶಾಲೆ ಇನ್ನೂ ಎಳೆಯದಾಗಿದ್ದ ದಿನಗಳಲ್ಲಿ, 1978ರಲ್ಲಿ, ಹವ್ಯಾಸಿ ಸೇವೆಯ ನಿಯಮಾವಳಿ ಬಂತು. ಇಂದಿನ ವ್ಯವಸ್ಥೆಗೆ ಬುನಾದಿ ಅದೇ. 1984ರಲ್ಲಿ ಉಪಕರಣಗಳ ಮೇಲಿನ ಆಮದು ಸುಂಕ ಬಿಟ್ಟ ಮೇಲೆ ಹ್ಯಾಮ್‌ಗಳ ಸಂಖ್ಯೆ ಏರತೊಡಗಿತು. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಲೈಸೆನ್ಸ್ ಪಡೆದ ಹ್ಯಾಮ್. ಅವರ ಕರೆಸಂಕೇತ ವಿಯು2ಆರ್‌ಜಿ.

ಈ ನಿಯಮಗಳ ತಿರುಳನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮಾತಾಡುವವನು ತನ್ನ ಕರೆಸಂಕೇತ ಹೇಳಲೇಬೇಕು. ಗುಪ್ತ ಭಾಷೆ ಕೂಡದು. ವ್ಯಾಪಾರದ ಮಾತಾಗಲಿ, ಹಾಡು ಭಾಷಣಗಳ ಪ್ರಸಾರವಾಗಲಿ ಕೂಡದು. ಯಾವ ದಿನ, ಎಷ್ಟು ಗಂಟೆಗೆ, ಯಾವ ತರಂಗದಲ್ಲಿ, ಯಾರೊಡನೆ ಮಾತಾಡಿದ್ದು ಎಂಬುದನ್ನು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಅಂದರೆ ಮಾತು ಬಯಲಿನಲ್ಲಿ ಆಡಿದ ಹಾಗಿರಬೇಕು, ಆಡಿದವನು ಯಾರೆಂದು ಎಲ್ಲರಿಗೂ ಗೊತ್ತಿರಬೇಕು. ಕದ್ದುಮುಚ್ಚಿ ರೇಡಿಯೊ ನಡೆಸುವವರನ್ನು ಕಂಡು ಹೆದರುತ್ತಿದ್ದ ಸರ್ಕಾರ ಮತ್ತು ಮಾತಾಡಲು ಹಂಬಲಿಸುತ್ತಿದ್ದ ಹವ್ಯಾಸಿ ಇಬ್ಬರೂ ಒಪ್ಪಬಹುದಾದ ಕರಾರು ಇದು. ಪರೀಕ್ಷೆ ಇರುವುದು ಈ ಕರಾರನ್ನು ತಿಳಿದು ನಡೆಯುತ್ತಾನೋ ಇಲ್ಲವೋ ನೋಡುವುದಕ್ಕೆ. 1885ರ ಮತ್ತು 1933ರ ಕಾಯ್ದೆಗಳ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆ ತಂದಿದೆ. ಕಾಯ್ದೆ ಹೊಸದಾದರೂ ಈ ಕರಾರಿನ ಅರ್ಥ ಹಳೆಯದೇ.

ಅನುಮತಿ ಇದ್ದುದರಿಂದ ಆದ ಉಪಕಾರ

1999ರ ಒಡಿಶಾ ಚಂಡಮಾರುತದಲ್ಲಿ, 2001ರ ಭುಜ್ ಭೂಕಂಪದಲ್ಲಿ ಹ್ಯಾಮ್‌ಗಳು ಸುದ್ದಿ ಮುಟ್ಟಿಸಿದ್ದನ್ನು ಓದಿರುತ್ತೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ತಾಗುವುದು ಅಂಡಮಾನಿನ ಪ್ರಸಂಗ. ಅಲ್ಲಿ ಹಲವು ವರ್ಷ ಹವ್ಯಾಸಿ ರೇಡಿಯೊಗೆ ಅನುಮತಿ ಸಿಗುತ್ತಿರಲಿಲ್ಲ. ಭಾರತಿ ಪ್ರಸಾದ್ ಎಂಬ ಹ್ಯಾಮ್ ಪಟ್ಟುಹಿಡಿದು ಅನುಮತಿ ಪಡೆದು, 2004ರ ಡಿಸೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿ ಅಲ್ಲಿಂದ ಜಗತ್ತಿನ ಹ್ಯಾಮ್‌ಗಳೊಡನೆ ಮಾತಾಡುತ್ತಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು. ದ್ವೀಪದ ಫೋನುಗಳು ಸತ್ತವು. ಅವರ ರೇಡಿಯೊ ಮಾತ್ರ ಕೆಲಸ ಮಾಡುತ್ತಿತ್ತು. ದ್ವೀಪದ ಸ್ಥಿತಿ ಹೊರಜಗತ್ತಿಗೆ, ಬದುಕಿದವರ ಕ್ಷೇಮ ಸಮಾಚಾರ ಅವರ ಮನೆಯವರಿಗೆ ಆ ದಾರಿಯಲ್ಲೇ ಹೋಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅನುಮತಿ ಕೇಳಿದ್ದು ಸುನಾಮಿ ಬಂದ ಮೇಲಲ್ಲ. ಕಾಗದಪತ್ರ ಮೊದಲೇ ಆಗಿತ್ತು, ಆಂಟೆನಾ ಮೊದಲೇ ಏರಿತ್ತು, ಯಂತ್ರದ ಮುಂದೆ ಕೂತವರಿಗೆ ಪಳಗಿದ ಕೈಯಿತ್ತು. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಗುವುದಿಲ್ಲ.

ಡಿಜಿಟಲ್ ದನಿ

ಹೊಸ ಕಾಲದ ಹ್ಯಾಮ್ ಚಟುವಟಿಕೆಯಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಯ ಪಾಲಿದೆ. ಇಸ್ರೊ ಬೆಂಗಳೂರಿನಲ್ಲಿ ರೂಪಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಹಾರಿತು. ಅದರಲ್ಲಿದ್ದ ಎರಡು ಸಂವಹನ ಯಂತ್ರಗಳಲ್ಲಿ ಒಂದು ಭಾರತದ್ದು, ಇನ್ನೊಂದು ನೆದರ್‌ಲ್ಯಾಂಡ್ಸ್‌ನ ಹವ್ಯಾಸಿಯೊಬ್ಬರು ಕಟ್ಟಿದ್ದು. 2014ರವರೆಗೆ ಅದು ಜಗತ್ತಿನ ಹ್ಯಾಮ್‌ಗಳಿಗೆ ಉಚಿತವಾಗಿ ದುಡಿಯಿತು.

ಅಷ್ಟರಲ್ಲಿ ದನಿಯ ರೂಪವೇ ಬದಲಾಗತೊಡಗಿತ್ತು. ಜಪಾನಿನ ಹ್ಯಾಮ್ ಸಂಘ ಡಿ-ಸ್ಟಾರ್ ಎಂಬ ಡಿಜಿಟಲ್ ಪದ್ಧತಿಯನ್ನು ರೂಪಿಸಿತು. ಯುರೋಪಿನಲ್ಲಿ ಕಾರ್ಖಾನೆ, ಟ್ಯಾಕ್ಸಿಗಳವರ ವಾಕಿಟಾಕಿಗಾಗಿ 2005ರಲ್ಲಿ ಡಿಎಂಆರ್ ಎಂಬ ಮಾನಕ ಬಂತು. ಸೆಟ್ಟು ಅಗ್ಗವಾಗಿದ್ದರಿಂದ ಹ್ಯಾಮ್‌ಗಳು ಅದನ್ನೂ ತಮ್ಮದಾಗಿ ಮಾಡಿಕೊಂಡರು.

ಇದು ಕೆಲಸ ಮಾಡುವ ಬಗೆ ಕೇಳಿ. ಹಳೆಯ ರೇಡಿಯೊ ನಮ್ಮ ದನಿಯ ಏರಿಳಿತವನ್ನು ಹಾಗೆಯೇ ಅಲೆಯ ಮೇಲೆ ಹೊರಿಸುತ್ತದೆ. ಡಿಜಿಟಲ್ ರೇಡಿಯೊ ಶೀಘ್ರಲಿಪಿಕಾರನಂತೆ. ದನಿಯನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ನೋಡಿ, ಶ್ರುತಿ ಎಷ್ಟು, ಜೋರು ಎಷ್ಟು, ಅಕ್ಷರದ ಆಕಾರ ಎಂಥದು ಎಂದು ಗುರುತು ಹಾಕಿ, ಆ ಗುರುತನ್ನಷ್ಟೇ ಕಳಿಸುತ್ತದೆ. ಆ ಕಡೆಯ ಸೆಟ್ಟು ಗುರುತು ಓದಿ ದನಿಯನ್ನು ಮತ್ತೆ ಕಟ್ಟುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ದನಿಗೆ ಸೆಕೆಂಡಿಗೆ 64,000 ಬಿಟ್ ಬೇಕು. ಡಿಎಂಆರ್‌ನಲ್ಲಿ ದನಿಗೆ 2,450 ಬಿಟ್, ದಾರಿಯಲ್ಲಿ ಆಗುವ ತಪ್ಪು ತಿದ್ದಲು 1,150 ಬಿಟ್, ಒಟ್ಟು 3,600 ಸಾಕು. ಜೊತೆಗೆ 30 ಮಿಲಿಸೆಕೆಂಡ್ ಒಬ್ಬರಿಗೆ, 30 ಮಿಲಿಸೆಕೆಂಡ್ ಇನ್ನೊಬ್ಬರಿಗೆ ಎಂದು ಹಂಚಿ, ಒಂದೇ ತರಂಗದಲ್ಲಿ ಎರಡು ಸಂಭಾಷಣೆ ನಡೆಸಬಹುದು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಿಡಿದು, ಒಂದಕ್ಕೊಂದು ತಾಗದಂತೆ ಸರದಿಯಲ್ಲಿ ಭತ್ತ ಕುಟ್ಟುತ್ತಿದ್ದರಲ್ಲ, ಹಾಗೆ.

ನೋಡ್ ಕಟ್ಟುವುದು

ಈ ಡಿಜಿಟಲ್ ದನಿಯನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಪುಟ್ಟ ಕೇಂದ್ರವೇ ನೋಡ್. ನನ್ನ ಮೇಜಿನ ಮೇಲಿರುವುದು ರಾಸ್ಪ್‌ಬೆರಿ ಪೈ ಎಂಬ ಕೈಬೆರಳುದ್ದದ ಕಂಪ್ಯೂಟರ್, ಅದರ ಬೆನ್ನಿಗೆ ಒಂದು ರೇಡಿಯೊ ಮೋಡೆಮ್ ಹಲಗೆ, ಒಂದು ಚಿಕ್ಕ ಆಂಟೆನಾ. ಮೋಡೆಮ್ ನಡೆಸುವ ಎಂಎಂಡಿವಿಎಂ ತಂತ್ರಾಂಶವನ್ನು ಬರೆದವರು ಜೊನಾಥನ್ ನೇಯ್ಲರ್ ಎಂಬ ಬ್ರಿಟಿಷ್ ಹ್ಯಾಮ್. ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ನೋಡ್‌ನ ಶಕ್ತಿ ಸುಮಾರು 10 ಮಿಲಿವಾಟ್, ಅಂದರೆ ಗೋಪಾಲಸ್ವಾಮಿಯವರ ಯಂತ್ರದ ಮೂರು ಸಾವಿರದಲ್ಲಿ ಒಂದು ಪಾಲು. ಅದು ಮನೆಯ ಅಂಗಳ ದಾಟಿದರೆ ಹೆಚ್ಚು. ಅಲ್ಲಿಂದಾಚೆ ಮಾತನ್ನು ಹೊರುವುದು ಇಂಟರ್‌ನೆಟ್.

ಕೆಲಸದ ಕ್ರಮ ಹೀಗೆ. ಮೊದಲು ಲೈಸೆನ್ಸ್. ಕೇಂದ್ರ ಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆಯಲ್ಲಿ ರೇಡಿಯೊ ತತ್ವ ಮತ್ತು ನಿಯಮಗಳು ಎಂದು ಎರಡು ಭಾಗ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ, ಜನರಲ್ ದರ್ಜೆಗೆ ಬೇಕು. ಮೊದಲನೆಯದಕ್ಕೆ ವಿಯು3, ಎರಡನೆಯದಕ್ಕೆ ವಿಯು2 ಎಂದು ಆರಂಭವಾಗುವ ಕರೆಸಂಕೇತ ಬರುತ್ತದೆ. ಲೈಸೆನ್ಸ್ ಕೈಗೆ ಬಂದ ಮೇಲೆ ಅದರ ಪ್ರತಿ ಕಳಿಸಿ ಡಿಎಂಆರ್ ಗುರುತಿನ ಸಂಖ್ಯೆ ಪಡೆಯಬೇಕು. ಏಳು ಅಂಕಿಯ ಆ ಸಂಖ್ಯೆ ನಮ್ಮ ದೇಶದವರಿಗೆ 404 ಎಂದು ಶುರುವಾಗುತ್ತದೆ. ನಾವು ಆಡುವ ಪ್ರತಿ ಮಾತಿನ ಜೊತೆಗೂ ಆ ಸಂಖ್ಯೆ ತಾನಾಗಿಯೇ ಹೋಗುತ್ತದೆ. ಮಾತಾಡುವವನು ಯಾರೆಂದು ಗೊತ್ತಿರಬೇಕು ಎಂಬ ಹಳೆಯ ನಿಯಮವೇ ಇಲ್ಲಿ ಅಂಕಿಯ ರೂಪದಲ್ಲಿದೆ.

ಬಳಿಕ ಹವ್ಯಾಸಿಗಳಿಗೆ ಬಿಟ್ಟಿರುವ 434ರಿಂದ 438 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಬೇರೆಯವರಿಗೆ ತೊಂದರೆಯಾಗದ ಜಾಗ ಆರಿಸಬೇಕು. ಅಗ್ಗದ ಹಲಗೆಗಳ ತರಂಗ ಕೆಲವು ನೂರು ಹರ್ಟ್ಸ್ ಆಚೀಚೆ ಇರುತ್ತದೆ. ಅದನ್ನು ಸರಿಮಾಡದಿದ್ದರೆ ಮಾತು ತುಂಡುತುಂಡಾಗಿ ಕೇಳುತ್ತದೆ. ಪರೀಕ್ಷಿಸಲು 9990 ಎಂಬ ಸಂಖ್ಯೆಗೆ ಮಾತಾಡಿದರೆ ನಮ್ಮ ಮಾತೇ ನಮಗೆ ವಾಪಸು ಬರುತ್ತದೆ. ಹ್ಯಾಮ್‌ಗಳು ಅದನ್ನು ಗಿಳಿ ಎನ್ನುತ್ತಾರೆ. ನಾನು ಗಿಳಿಗೆ ಮೊದಲು ಹೇಳಿದ್ದು ನನ್ನ ಕರೆಸಂಕೇತ ಮತ್ತು ನಮ್ಮೂರ ಹೆಸರು. ಅದು ಊರ ಹೆಸರನ್ನು ಸ್ಪಷ್ಟವಾಗಿ ಒಪ್ಪಿಸಿತು.

ಎರಡು ಎಚ್ಚರಿಕೆ ಹೇಳಲೇಬೇಕು. ನೋಡ್ ಇಂಟರ್‌ನೆಟ್ಟಿಗೆ ತೆರೆದ ಬಾಗಿಲು. ತಂತ್ರಾಂಶದ ಜೊತೆ ಬರುವ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸದಿದ್ದರೆ ಎಲ್ಲೋ ಇರುವವನು ನಮ್ಮ ಯಂತ್ರದ ಒಳಗೆ ಬರಬಹುದು. ಉತ್ತರ ಕೊಡಬೇಕಾದವರು ಲೈಸೆನ್ಸ್ ಹೊಂದಿದ ನಾವೇ. ಇನ್ನೊಂದು, ಲೈಸೆನ್ಸಿನ ಷರತ್ತುಗಳನ್ನು ಪೂರ್ತಿ ಓದಿ, ಸಂಶಯವಿದ್ದರೆ ಡಬ್ಲ್ಯುಪಿಸಿಗೆ ಬರೆದು ಕೇಳಿ ಮುಂದುವರಿಯಬೇಕು.

ನೋಡ್‌ನ ಮಿತಿ, ಶಾಲೆಯ ಅವಕಾಶ

ಮಳೆಗಾಲದಲ್ಲಿ ಕರೆಂಟು ಹೋಗಿ ಕೆಲವು ಗಂಟೆಯಾದರೆ ಮೊಬೈಲ್ ಟವರೂ ಸುಮ್ಮನಾಗುವುದು ನಮಗೆಲ್ಲ ಗೊತ್ತು. ಇಂಟರ್‌ನೆಟ್ ಹೋದ ಗಳಿಗೆಯಲ್ಲೇ ನೋಡ್ ಕೂಡ ಮೂಕ. ಡಿಜಿಟಲ್ ದನಿಗೆ ಇನ್ನೊಂದು ಗುಣವಿದೆ: ಸಿಗ್ನಲ್ ಇರುವವರೆಗೆ ಗಂಟೆಯಂತೆ ಸ್ಪಷ್ಟ, ಒಂದು ಮಟ್ಟಕ್ಕಿಂತ ಇಳಿದರೆ ಪೂರಾ ಮೌನ. ಹಳೆಯ ರೇಡಿಯೊದಲ್ಲಿ ಸದ್ದುಗದ್ದಲದ ನಡುವೆಯೂ 'ದೋಣಿ ಕಳಿಸಿ' ಎಂಬ ಎರಡು ಪದ ಕಿವಿಗೆ ಬೀಳುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ಕೆಲಸಕ್ಕೆ ಬಂದದ್ದು ಆಕಾಶಕ್ಕೆ ನೇರವಾಗಿ ಮಾತಾಡುವ ರೇಡಿಯೊ. ಆದ್ದರಿಂದ ನೋಡ್ ಕಲಿಕೆಗೆ, ಗೆಳೆತನಕ್ಕೆ, ದಿನನಿತ್ಯದ ಅಭ್ಯಾಸಕ್ಕೆ. ಆಪತ್ತಿಗೆ ಬ್ಯಾಟರಿಯ ಸಾದಾ ರೇಡಿಯೊ, ಒಂದು ತಂತಿ ಆಂಟೆನಾ ಮತ್ತು ಅದನ್ನು ನಡೆಸಬಲ್ಲ ಮನುಷ್ಯ ಬೇಕೇ ಬೇಕು. ಮೊಬೈಲ್ ಇರುವಾಗ ಇದೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ನಮ್ಮ ನಿಯಮದ ಪ್ರಕಾರ 12 ವರ್ಷ ತುಂಬಿದ ಮಗು ಈ ಪರೀಕ್ಷೆಗೆ ಕೂರಬಹುದು. ಎಂಟನೇ ತರಗತಿಗೆ ಸೇರುವ ನಮ್ಮ ಮಕ್ಕಳೆಲ್ಲ ಆ ವಯಸ್ಸು ದಾಟಿರುತ್ತಾರೆ. ಓಮ್‌ನ ನಿಯಮ, ವಿದ್ಯುತ್ಕಾಂತ, ಅಲೆಯ ಉದ್ದ, ಆವರ್ತನ ಇವೆಲ್ಲ ನಮ್ಮ ಮೇಷ್ಟರು ಕರಿಹಲಗೆಯ ಮೇಲೆ ಕಲಿಸುವ ಪಾಠಗಳೇ. ಶಾಲೆಯ ಹೆಸರಿನಲ್ಲೇ ಲೈಸೆನ್ಸ್ ಪಡೆಯಲೂ ನಿಯಮದಲ್ಲಿ ಅವಕಾಶವಿದೆ. ಮುಖ್ಯೋಪಾಧ್ಯಾಯರ ಅರ್ಜಿ ಬೇಕು, ಪರೀಕ್ಷೆ ಪಾಸಾದ ಒಬ್ಬರು ಹೊಣೆ ಹೊರಬೇಕು. ಹೊಣೆ ಹೊರಲು ನಾನು ಸಿದ್ಧನಿದ್ದೇನೆ. ವಿಜ್ಞಾನ ಕೊಠಡಿಯಲ್ಲಿ ಒಂದು ಮೇಜು, ಚಾವಣಿಯ ಮೇಲೆ ಒಂದು ಕಂಬ, ಶನಿವಾರ ಒಂದು ಗಂಟೆ ಸಿಕ್ಕರೆ ಸಾಕು. ಮೊದಲ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆಂದು ವಿಜ್ಞಾನ ಶಿಕ್ಷಕರು ತಿಳಿಸಿದರೆ ಅಷ್ಟು ಪುಸ್ತಕ ನಾನೇ ತರುತ್ತೇನೆ.