ಕಡತದಿಂದ ಸಿದ್ಧಾಂತಕ್ಕೆ: ಆಲ್ಫ್ರೆಡ್ ಚಾಂಡ್ಲರ್ ಮತ್ತು ಉದ್ಯಮ ಇತಿಹಾಸ

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಉದ್ಯಮ ಇತಿಹಾಸಕ್ಕೆ 1927ರಲ್ಲೇ ಪ್ರಾಧ್ಯಾಪಕ ಪೀಠವಿತ್ತು. ಅದರ ಮೊದಲ ಪ್ರಾಧ್ಯಾಪಕರು ಎನ್. ಎಸ್. ಬಿ. ಗ್ರಾಸ್. ಆ ತಲೆಮಾರಿನ ಬರವಣಿಗೆ ಬಹುಪಾಲು ಒಂದೊಂದೇ ಕಂಪನಿಯ ಚರಿತ್ರೆಯಾಗಿತ್ತು. ಹಲವು ಕಂಪನಿಗಳ ಕಡತಗಳನ್ನು ಅಕ್ಕಪಕ್ಕದಲ್ಲಿಟ್ಟು, ಇವು ಇಂಥದೇ ರೂಪವನ್ನು ಏಕೆ ತಳೆದವು ಎಂದು ಪಟ್ಟುಹಿಡಿದು ಕೇಳಿದವರು ಆಲ್ಫ್ರೆಡ್ ಡಿ. ಚಾಂಡ್ಲರ್ (1918–2007). ಅವರ ಬಲವಿದ್ದದ್ದು ಕಡತಗಳಲ್ಲಿ. ಮಿತಿ ಬಂದದ್ದೂ ಅಲ್ಲಿಂದಲೇ.

ಚಾಂಡ್ಲರ್ ಪಿಎಚ್.ಡಿ.ಗೆ ಆಯ್ದುಕೊಂಡದ್ದು ತಮ್ಮ ಮುತ್ತಜ್ಜ ಹೆನ್ರಿ ವಾರ್ನಮ್ ಪೂರ್ ಅವರನ್ನು. ರೈಲ್ವೆ ಪತ್ರಿಕೆಯ ಸಂಪಾದಕರಾಗಿದ್ದ ಪೂರ್ ಅವರ ಹೆಸರು ಮುಂದೆ ಸ್ಟ್ಯಾಂಡರ್ಡ್ ಆ್ಯಂಡ್ ಪೂರ್ಸ್ ಸಂಸ್ಥೆಯ ಹೆಸರಿನಲ್ಲಿ ಸೇರಿಕೊಂಡಿತು. ಅಮೆರಿಕದ ದೊಡ್ಡ ಉದ್ಯಮದ ಬೇರು ರೈಲ್ವೆಯಲ್ಲಿದೆ ಎಂಬ ಹೊಳಹು ಚಾಂಡ್ಲರ್‌ಗೆ ದಕ್ಕಿದ್ದು ಈ ಅಧ್ಯಯನದಿಂದ.

1962ರ ‘ಸ್ಟ್ರಾಟಜಿ ಆ್ಯಂಡ್ ಸ್ಟ್ರಕ್ಚರ್’ ಡುಪಾಂಟ್, ಜನರಲ್ ಮೋಟರ್ಸ್, ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಮತ್ತು ಸಿಯರ್ಸ್ ಕಂಪನಿಗಳನ್ನು ಹೋಲಿಸಿ ನೋಡಿತು. ಇವುಗಳಲ್ಲಿ ಡುಪಾಂಟ್‌ನ ಪ್ರಕರಣವೇ ಹೆಚ್ಚು ಬೋಧಪ್ರದ. ಸಿಡಿಮದ್ದು ತಯಾರಿಸುತ್ತಿದ್ದ ಕಂಪನಿ ಮೊದಲ ಮಹಾಯುದ್ಧದ ನಂತರ ಬಣ್ಣ, ರಾಸಾಯನಿಕಗಳಿಗೆ ಕೈಹಾಕಿತು. ಸಿಡಿಮದ್ದನ್ನು ಟನ್ನುಗಟ್ಟಲೆ ಮಾರುತ್ತಿದ್ದ ಅದೇ ಮಾರಾಟ ವಿಭಾಗ ಈಗ ಬಣ್ಣದ ಡಬ್ಬಿಗಳನ್ನೂ ಮಾರಬೇಕಾಯಿತು. ಮಾರಾಟ ಏರಿದರೂ ಬಣ್ಣದಲ್ಲಿ ನಷ್ಟವೇ. ಸರಕಿಗೊಂದು ಸ್ವತಂತ್ರ ವಿಭಾಗ ಬೇಕೆಂದು ಅಧಿಕಾರಿಗಳು ವರದಿ ಕೊಟ್ಟರೂ ಅಧ್ಯಕ್ಷರು ಮೊದಲು ಒಪ್ಪಲಿಲ್ಲ. 1921ರ ಆರ್ಥಿಕ ಬಿಕ್ಕಟ್ಟು ಅವರನ್ನು ಒಪ್ಪಿಸಿತು. ವ್ಯಾಪಾರದ ದಾರಿ ಬದಲಾದರೆ ಸಂಸ್ಥೆಯ ಕಟ್ಟೋಣವೂ ಬದಲಾಗಲೇಬೇಕು, ಆದರೆ ಅದು ತಡವಾಗಿ, ಪೆಟ್ಟು ತಿಂದ ಮೇಲೆ ಬದಲಾಗುತ್ತದೆ ಎಂಬ ನಿರ್ಣಯಕ್ಕೆ ಚಾಂಡ್ಲರ್ ಬಂದದ್ದು ಇಂಥ ವರದಿ, ಪತ್ರಗಳನ್ನು ಓದಿ. ಮ್ಯಾನೇಜ್‌ಮೆಂಟ್ ಶಾಸ್ತ್ರ ಇದನ್ನು ಸೂತ್ರವಾಗಿ ಎತ್ತಿಕೊಂಡಿತು. ಆ ತಡವನ್ನು ಮರೆತು ಬರಿಯ ಸೂತ್ರ ಹೇಳುವುದು ಅವರಿಗೆ ಮಾಡುವ ಅನ್ಯಾಯ.

ಹಾರ್ವರ್ಡ್‌ಗೆ ಬಂದ ಮೇಲೆ ಬರೆದ ‘ದಿ ವಿಸಿಬಲ್ ಹ್ಯಾಂಡ್’ (1977) ಪುಲಿಟ್ಜರ್ ಪಡೆಯಿತು. ಅಲ್ಲಿ 1841ರ ಅಕ್ಟೋಬರ್ 5ರ ಅಪಘಾತವೊಂದು ಬರುತ್ತದೆ: ಮ್ಯಾಸಚುಸೆಟ್ಸ್‌ನ ವೆಸ್ಟರ್ನ್ ರೈಲ್‌ರೋಡ್‌ನ ಒಂಟಿ ಹಳಿಯಲ್ಲಿ ಎರಡು ರೈಲು ಮುಖಾಮುಖಿ ಡಿಕ್ಕಿಯಾಗಿ ಇಬ್ಬರು ಸತ್ತರು. ಇದಾದ ಮೇಲೆ ಮಾರ್ಗವನ್ನು ವಿಭಾಗಗಳಾಗಿ ಹಂಚಿ, ಯಾರು ಯಾರಿಗೆ ಉತ್ತರಿಸಬೇಕೆಂದು ಬರಹದಲ್ಲೇ ನಿಗದಿ ಮಾಡಲಾಯಿತು. ಸಂಬಳದ ವ್ಯವಸ್ಥಾಪಕ ವರ್ಗದ ಕಥೆಯನ್ನು ಚಾಂಡ್ಲರ್ ಇಂಥ ಕಡೆಯಿಂದ ಹಿಡಿಯುತ್ತಾರೆ.

ಆದರೆ ಪ್ರಧಾನ ಕಚೇರಿಯ ಕಾಗದ ಹೇಳುವುದು ಪ್ರಧಾನ ಕಚೇರಿಯ ಮಾತನ್ನೇ. ಚಾಂಡ್ಲರ್ ಬರಹದಲ್ಲಿ ಕಾರ್ಮಿಕರಿಗೆ ಸಿಕ್ಕ ಜಾಗ ತೀರ ಕಡಿಮೆ. ಸಣ್ಣ ಪ್ರಮಾಣದ ವಿಶಿಷ್ಟ ತಯಾರಕರೂ ಅಮೆರಿಕದ ಕೈಗಾರಿಕೆಯನ್ನು ಬೆಳೆಸಿದರೆಂದು ಫಿಲಿಪ್ ಸ್ಕ್ರ್ಯಾಂಟನ್ 1997ರಲ್ಲಿ ತೋರಿಸಿದರು. ಭಾರತಕ್ಕೆ ಬಂದರೆ, ಅಹಮದಾಬಾದಿನ ಐಐಎಂನಲ್ಲಿ ಉದ್ಯಮ ಇತಿಹಾಸದ ಶಾಸ್ತ್ರವನ್ನು ಕಟ್ಟಿದ ದ್ವಿಜೇಂದ್ರ ತ್ರಿಪಾಠಿ ಎದುರಿಸಬೇಕಾದದ್ದು ಮನೆತನದ ಉದ್ಯಮಗಳನ್ನು. ಕುಟುಂಬದ ಹಿಡಿತದಲ್ಲೇ ಬೆಳೆದ ಇವುಗಳಿಗೆ ಅಮೆರಿಕದ ಅಚ್ಚು ಹೊಂದದು.

ಕಂಪನಿಯ ಚರಿತ್ರೆ ಬರೆಯಹೊರಟ ನಮ್ಮ ಸಂಶೋಧಕರು ಚಾಂಡ್ಲರ್ ಅವರ ಹೋಲಿಕೆಯ ಶಿಸ್ತನ್ನು ಪೂರ್ತಿ ಕಲಿಯಲಿ. ಆಡಳಿತ ಮಂಡಳಿಯ ನಡಾವಳಿಯಷ್ಟೇ ಶ್ರದ್ಧೆಯಿಂದ ಹಾಜರಿ ಪುಸ್ತಕವನ್ನೂ ಕಾರ್ಮಿಕ ಸಂಘದ ಮನವಿಪತ್ರಗಳನ್ನೂ ಓದಲಿ.